ಅಟ್ಟದ ಗೂಬೆ ಮತ್ತು ನಮ್ಮ ಟೀಚರಮ್ಮ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಟೀಚರಮ್ಮನ ತುರುಬಿನಲ್ಲಿ ಒಂದು ದಪ್ಪ ಪಿನ್ನು ಇರುತ್ತಿತ್ತು. ಅಂಗಳದಲ್ಲಿ ಸತ್ತ ಹುಳು ಕಂಡರೆ ಸಾಕು, ಆ ಪಿನ್ನನ್ನು ಸರಕ್ಕನೆ ಎಳೆದು, ಹುಳುವನ್ನು ಮಗುಚಿ, ಕಾಲು ಎಣಿಸಿ, ಪಿನ್ನನ್ನು ಸೆರಗಿಗೆ ಒರೆಸಿ ಮತ್ತೆ ತುರುಬಿಗೇ ಸಿಕ್ಕಿಸಿಕೊಳ್ಳುತ್ತಿದ್ದರು. ಅದೇ ತಲೆಯಲ್ಲಿ ನನ್ನ ಅಡುಗೆಮನೆಗೂ ಬರುತ್ತಿದ್ದರು. ದೇವರ ಮನೆಗೆ ಬರುತ್ತಿರಲಿಲ್ಲ, ಅಷ್ಟು ಪುಣ್ಯ.

ನಮ್ಮೂರು ಕೋಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಗಂಡ ಮಕ್ಕಳಿಲ್ಲದ ಹೆಂಗಸು, ಊಟ ನಮ್ಮಲ್ಲೇ. ಸ್ಕೂಲು ಬಿಟ್ಟರೂ ಪಾಠ ಬಿಡುತ್ತಿರಲಿಲ್ಲ. ನಾನು ಮೂಲೆಯ ಜೇಡಕ್ಕೆ ಪೊರಕೆ ಎತ್ತಿದರೆ, “ಜೇಡ ಕೀಟ ಅಲ್ಲ ಕಣವ್ವ. ಕೀಟಕ್ಕೆ ಆರು ಕಾಲು, ಇದಕ್ಕೆ ಎಂಟು. ಗುಂಪೇ ಬ್ಯಾರೆ” ಅನ್ನುವರು.

“ನನ್ನ ಪೊರಕೆಗೆ ಲೆಕ್ಕ ಬರಾಕಿಲ್ಲ ಟೀಚರ್” ಅಂದರೆ ನಗುತ್ತಿರಲಿಲ್ಲ. ಬಾವಲಿಯನ್ನು ಹಕ್ಕಿ ಎಂದದ್ದಕ್ಕೆ, ದೀಪ ಹಚ್ಚುವ ಹೊತ್ತಿನಲ್ಲಿ ನಿಲ್ಲಿಸಿಕೊಂಡು, “ಅದು ಮರಿಗೆ ಹಾಲು ಕುಡಿಸ್ತದೆ. ನಿನ್ನ, ನನ್ನ ಗುಂಪಿಗೆ ಸೇರ್ತದೆ” ಅಂದಿದ್ದರು.

“ನೀವು ಬೇಕಾದ್ರೆ ಸೇರ್ಕಳಿ, ನನ್ನ ಬುಡಿ” ಎಂದು ಒಳಗೆ ಹೋಗಿದ್ದೆ.

ಇಂಥವರಿದ್ದ ಮನೆಗೇ ಗೂಬೆ ಬರಬೇಕೆ? ಹಿಂದಿನ ಹೆಂಚಿನ ಭಾಗದ ಅಟ್ಟದಲ್ಲಿ ಬಿಳಿ ಮೋರೆಯ ಗೂಬೆಯೊಂದು ಮರಿ ಮಾಡಿತು. ನಮ್ಮ ಕಡೆ ಗೂಬೆ ಹೊಕ್ಕರೆ ಮನೆಗೆ ಬೀಗ ಹಾಕಿ, ಕೆಲವು ಕಾಲ ಬೇರೆ ಕಡೆ ಇದ್ದು, ಶಾಂತಿ ಮಾಡಿಸಿ ಒಳಗೆ ಬರುವುದು ಪದ್ಧತಿ. ಅದೇ ವಾರ ಹಾರನಹಳ್ಳಿಯವರು ನನ್ನ ಮಗಳನ್ನು ನೋಡಲು ಬರುವವರಿದ್ದರು. ಒಳ್ಳೆಯ ಸಂಬಂಧ. ಸುದ್ದಿ ಹೋದರೆ ಮುಗಿಯಿತು.

ಯಜಮಾನರು ಗಳ ಹಿಡಿದು ಏಣಿ ಹತ್ತಲು ಹೊರಟರೆ ಟೀಚರಮ್ಮ ಏಣಿಯ ಬುಡದಲ್ಲಿ ಕೂತೇಬಿಟ್ಟರು.

“ಮರಿಗಿನ್ನೂ ರೆಕ್ಕೆ ಬಲಿತಿಲ್ಲ ಸ್ವಾಮಿ. ಹಾರೋಗ್ಲಿ, ಆಮೇಲೆ ನಾನೇ ಜಾಲರಿ ಹಾಕಿಸ್ತೀನಿ.” ಅಲ್ಲಿಯೂ ಪಾಠ. ಆ ತಟ್ಟೆಯಂಥ ಮೋರೆ ಸದ್ದನ್ನು ಹಿಡಿದು ಕಿವಿಗೆ ಕೊಡುತ್ತದಂತೆ. ಒಂದು ಕಿವಿ ಮೇಲೆ, ಒಂದು ಕೆಳಗೆ, ಅದಕ್ಕೇ ಕತ್ತಲಲ್ಲೂ ಇಲಿ ಎಲ್ಲಿ ನಡೆಯುತ್ತಿದೆಯೆಂದು ತಿಳಿಯುತ್ತದಂತೆ. ರೆಕ್ಕೆಯ ಅಂಚು ಮೆತ್ತಗೆ, ಹಾರಿದರೆ ಸದ್ದಿಲ್ಲವಂತೆ. “ಕತ್ತಲಲ್ಲಿ ಬದುಕಾಕೆ ಅದರ ಮೈ ಅಂಗೆ ಹೊಂದ್ಕೊಂಡದೆ ಕಣವ್ವ.”

“ನನ್ನ ಮಗಳೂ ಬದುಕಬೇಕಲ್ವಾ ಟೀಚರ್?” ಅಂದೆ.

ಆದರೂ ಅವರು ಏಣಿ ಬಿಟ್ಟು ಏಳಲಿಲ್ಲ. ಕೊನೆಗೆ ಯಜಮಾನರೇ ಗಳ ಕೆಳಗಿಟ್ಟರು.

ಹಾರನಹಳ್ಳಿಯವರು ದಾರಿಯಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಯಾರದೋ ಮನೆಗೆ ಹೋಗಿ, ತಡ ಮಾಡಿ, ಹೊತ್ತು ಮುಳುಗುವಾಗ ಬಂದರು. ಹುಡುಗನ ತಾಯಿ ಕೇಸರಿಬಾತು ಬಾಯಿಗಿಟ್ಟರು. ಅಷ್ಟರಲ್ಲಿ ಅಟ್ಟದ ಮರಿಗಳಿಗೆ ಹಸಿವಾಯಿತು. ಅವು ಕೂಗುವುದಿಲ್ಲ, ಬುಸ್ಸ್ ಎನ್ನುತ್ತವೆ, ಬಿಡದೆ.

“ಏನ್ರೀ ಅದು ಸದ್ದು?”

“ಕುಕ್ಕರ್ರು ಕಣ್ರೀ. ಬೇಳೆ ಇಟ್ಟಿದ್ದೀನಿ” ಅಂದೆ. ಚಿಕ್ಕದೇವಮ್ಮ ತಾಯೇ, ನಿಭಾಯಿಸು ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ದೇವಿ ನಿಭಾಯಿಸುತ್ತಿದ್ದಳೇನೋ. ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ ಬಿಡಬೇಕಲ್ಲ! “ಕುಕ್ಕರ್ ಅಲ್ಲ, ಗೂಬೆ ಮರಿ. ಹೆದರ್ಕೊಬೇಡಿ, ಏನೂ ಮಾಡಾಕಿಲ್ಲ. ಇಲಿ ತಿನ್ನೋ ಹಕ್ಕಿ” ಅಂದರು, ತರಗತಿಯಲ್ಲಿ ಹೇಳಿದ ಹಾಗೆ.

ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. ಕಾಫಿಯನ್ನು ಮುಟ್ಟಲಿಲ್ಲ. ಕೂಡಿಬರುವುದಿಲ್ಲ ಎಂದು ಮಾರನೆಯ ದಿನ ಫೋನು ಬಂತು.

ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಟೀಚರಮ್ಮ ಹೊರಗೆ ನಿಂತು, “ಸುಳ್ಳು ತಡ್ಕೊಳ್ಳಾಕೆ ನನ್ನ ಕೈಲಿ ಆಗ್ಲಿಲ್ಲ ಮಗ. ಬೈಯಂಗಿದ್ರೆ ಬೈ” ಅಂದರು.

“ಅವರು ಕಾರು ಹತ್ತೋವರ್ಗಾದ್ರೂ ತಡ್ಕೊಬೋದಿತ್ತು ಟೀಚರ್!” ಎಂದು ಒಳಗಿಂದ ಕಿರುಚಿದಳು. ಆಮೇಲೆ ಅಲ್ಲಿಂದಲೇ ನಗು ಕೇಳಿಸಿತು. ನಕ್ಕಳಲ್ಲ, ಅದೇ ದೊಡ್ಡದು ಅಂದುಕೊಂಡೆ. ನಾನು ಮಾತ್ರ ಬಹಳ ದಿನ ಟೀಚರಮ್ಮನಿಗೆ ಮಾತಿಲ್ಲದೆ ಅನ್ನ ಬಡಿಸಿದೆ. ಅವರು ಮಾತಿಲ್ಲದೆ ಉಂಡರು. ಅದೂ ನನಗೆ ಸಿಟ್ಟೇ. ಮರಿಗಳು ಹಾರಿದ ಮೇಲೆ, ಹೇಳಿದಂತೆ, ತಾವೇ ನಿಂತು ಜಾಲರಿ ಹಾಕಿಸಿದರು.

ಮುಂದಿನ ವರ್ಷ ಕೆ.ಆರ್. ನಗರದಿಂದ ಸಂಬಂಧ ಬಂತು. ಟೀಚರಮ್ಮ ಎದುರಿಗೇ ಕೂತಿದ್ದರು. ಇವರ ಬಾಯಿಂದ ಬರುವ ಬದಲು ನನ್ನಿಂದಲೇ ಬರಲಿ ಎಂದು, ಕಾಫಿಗೆ ಮುಂಚೆಯೇ ಗೂಬೆಯ ವಿಷಯ ಹೇಳಿಬಿಟ್ಟೆ.

ಹುಡುಗನ ತಂದೆ ನಕ್ಕರು. “ನಮ್ಮ ಭತ್ತದ ಗೋಡೌನಲ್ಲಿ ಯಾವಾಗ್ಲೂ ಒಂದು ಜೋಡಿ ಇರ್ತವೆ ಕಣಮ್ಮ. ಓಡಿಸಿದ್ರೆ ಇಲಿಗೆ ಯಾರು ಹೇಳೋರು?”

ಸರಿ, ಟೀಚರಮ್ಮನನ್ನು ಹಿಡಿಯುವವರಾರು? ಬೀಗರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕಿವಿ ಮೇಲೆ, ಕಿವಿ ಕೆಳಗೆ ಎಂದು ಶುರುಮಾಡಿದರು. ಕಾಫಿ ಆರಿಹೋಯಿತು. ಮದುವೆ ಗೊತ್ತಾಯಿತು.

ಆ ಹೊತ್ತಿಗೆ ಅವರು ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದರು. ಕೇಳಿದರೆ, “ಗ್ಯಾಸ್ಟ್ರಿಕ್ ಕಣವ್ವ. ನಿನ್ನ ಸಾರಿನ ಖಾರ!” ಅನ್ನುವರು. ಮದುವೆಯ ದಿನ ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿದರು. ಮಗಳನ್ನು ಕಳಿಸಿಕೊಟ್ಟ ಮೇಲೆ ಹಾಸಿಗೆ ಹಿಡಿದವರು ಏಳಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಕಾಯಿಲೆ ಹಳೆಯದು, ಅವರಿಗೂ ಗೊತ್ತಿತ್ತು ಅಂದರು.

“ಯಾಕೆ ಹೇಳ್ಲಿಲ್ಲ ಟೀಚರ್?” ಎಂದು ಮಂಚದ ಪಕ್ಕದಲ್ಲೇ ಜಗಳಕ್ಕೆ ನಿಂತೆ.

“ಹೇಳಿದ್ರೆ ನೀನು ಮದುವೆ ಮುಂದಕ್ಕೆ ಹಾಕ್ತಿದ್ದೆ. ಒಂದು ಸಲ ನನ್ನಿಂದ ತಪ್ಪೋಗಿತ್ತಲ್ಲವ್ವ.”

ಆಷಾಢ ಕಳೆಯುವುದರೊಳಗೆ ಹೋಗಿಬಿಟ್ಟರು. ಮಗಳು ಸುಖವಾಗಿದ್ದಾಳೆ, ದೇವರು ದೊಡ್ಡವನು. ಆದರೆ ಶುಕ್ರವಾರ ದೀಪ ಹಚ್ಚುವಾಗ ಟೀಚರಮ್ಮನ ಹೆಸರು ಹೇಳಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರುತ್ತದೆ. ಇಷ್ಟು ದೊಡ್ಡ ಸುಳ್ಳನ್ನು, ನನ್ನ ಒಲೆಯ ಮುಂದೆ ಕೂತು, ದಿನಾ ಹೇಗೆ ಹೇಳಿದರು? ನಾನಾದರೂ ನಂಬಿದೆನಲ್ಲ. ಮದುವೆ ಮನೆಯ ಗಡಿಬಿಡಿಯಲ್ಲೂ ಅವರಿಗೆಂದು ಬೇರೆ ಪಾತ್ರೆಯಲ್ಲಿ ಸಾರು ಮಾಡುತ್ತಿದ್ದೆ. ಇವತ್ತು ಒಂದು ಮೆಣಸಿನಕಾಯಿ ಕಮ್ಮಿ, ನಾಳೆ ಇನ್ನೊಂದು ಕಮ್ಮಿ, ಅಷ್ಟರಲ್ಲೇ ವಾಸಿಯಾಗುತ್ತದೆ ಎಂದು.