ಕೌಬಾಯ್ ವಾಪಸ್ ಬಂದನಾ?

ಸಿನಿಮಾ ಮುಗಿಯಲು ಇನ್ನೂ ಹತ್ತು ನಿಮಿಷ ಇದ್ದಾಗಲೇ ನಮ್ಮ ಯಜಮಾನರು ಎದ್ದು ನಿಂತರು. ಸ್ಕೂಟರ್ ತೆಗೆದಿರ್ತೀನಿ, ನೀನು ನಿಧಾನಕ್ಕೆ ಬಾ ಅಂದವರೇ ಕತ್ತಲಲ್ಲಿ ಎಲ್ಲರ ಕಾಲು ತುಳಿದುಕೊಂಡು ಹೊರಟುಹೋದರು.

ಕಳೆದ ಭಾನುವಾರದ ಮಾತು. ಹಳೇ ಇಂಗ್ಲಿಷ್ ಕೌಬಾಯ್ ಸಿನಿಮಾವೊಂದನ್ನು ಹೊಸದಾಗಿ ತೆಗೆದಿದ್ದಾರೆ, ಅದನ್ನು ನೋಡಲು ಮಾಲ್‌ಗೆ ಹೋಗಿದ್ದೆವು.

ಹೀಗೆ ಮೊದಲೇ ಎದ್ದು ಹೋಗುವುದು ಟಾಕೀಸ್ ಕಾಲದ ಚಾಳಿ. ಆಟ ಬಿಟ್ಟ ಮೇಲೆ ಸ್ಟ್ಯಾಂಡಿನಿಂದ ಗಾಡಿ ಎಳೆಯುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಅದಕ್ಕೆ ಗಂಡಸರು ಮುಂಚೆಯೇ ಹೋಗಿ ಗೇಟಿನ ಹತ್ತಿರ ಕಾಯುತ್ತಿದ್ದರು, ಹಿಂದೆ ಕೂತ ಹೆಂಡತಿ ದಾರಿಯುದ್ದಕ್ಕೂ ಕ್ಲೈಮ್ಯಾಕ್ಸ್ ಹೇಳುತ್ತಿದ್ದಳು.

ಮಾಲ್‌ನ ಬೇಸ್‌ಮೆಂಟಿನಲ್ಲಿ ಜಾಗ ಬೇಕಾದಷ್ಟಿದೆ. ಆದರೂ ಇವರು ಎದ್ದು ಹೋದರು... ನನಗೆ ಅನುಮಾನ ಬಂತು.

ನನಗೆ ಎಲ್ಲದರಲ್ಲೂ ಅನುಮಾನ ಬಿಡಿ. ನಮ್ಮ ಮೈಸೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ಫಾರಿನ್‌ನವರಿಗೆ ಊಟದ ಡಬ್ಬಿ ಕಳಿಸುತ್ತೇನೆ. ಖಾರ ಬೇಡವೇ ಬೇಡ ಅಂದವರೇ ಉಪ್ಪಿನಕಾಯಿ ಬಾಟಲ್ ಖಾಲಿ ಮಾಡಿ ವಾಪಸ್ ಕಳಿಸುತ್ತಾರೆ. ಇನ್ನು ಯಾರ ಮಾತನ್ನು ಪೂರ್ತಿ ನಂಬಲಿ?

ನಮ್ಮ ಯಜಮಾನರ ಮಾತು ಏನೆಂದರೆ, ಆ ಹಳೇ ಸಿನಿಮಾದ ಮುಂದೆ ಹೊಸದು ಯಾವುದೂ ನಿಲ್ಲುವುದಿಲ್ಲ. ಮದುವೆಯಾದಾಗಿಂದ ಕೇಳುತ್ತಿದ್ದೇನೆ. ಅದನ್ನು ಅವರು ನೋಡಿದ್ದು ಶಾರದಾ ಜೊತೆ.

ಶಾರದಾ ಅವರ ಮೊದಲ ಹೆಂಡತಿ. ತೀರಿಕೊಂಡು ಬಹಳ ವರ್ಷವಾಯಿತು. ನಾನು ಎರಡನೆಯವಳು.

ಈಗ ನೀವೇ ಹೇಳಿ, ಗಂಡ ಮಾತೆತ್ತಿದರೆ ಮೊದಲಿನದರ ಹಾಗೆ ಬರಲ್ಲ ಅನ್ನುತ್ತಿದ್ದರೆ ಅದು ಸಿನಿಮಾದ ಬಗ್ಗೆ ಅಂತಲೇ ನಾನು ತಿಳಿದುಕೊಳ್ಳಬೇಕಾ?

ಹೊಸದನ್ನೂ ಅನುಮಾನದಿಂದಲೇ ನೋಡಿದೆ. ಹೀರೋ ಅಂಗಿಯ ಮೇಲಿನ ಧೂಳನ್ನು ಕೂಡ ಇಸ್ತ್ರಿ ಮಾಡಿದ ಹಾಗಿತ್ತು. ಆದರೆ ಅವನು ಒಬ್ಬ ಒಂಟಿ ಹೆಂಗಸಿಗೆ ಬಾವಿ ತೋಡಿಕೊಡುತ್ತಾನೆ, ಅವಳು ಮಾತ್ರ ಚೆನ್ನಾಗಿ ಮಾಡಿದ್ದಾಳೆ. ಕೊನೆಯಲ್ಲಿ ಅವನು ಕುದುರೆ ಹತ್ತಿ ಹೊರಟುಹೋಗುತ್ತಾನೆ, ತಿರುಗಿ ಕೂಡ ನೋಡುವುದಿಲ್ಲ.

ಸ್ಕೂಟರಿನಲ್ಲಿ ಇದನ್ನೇ ಹೇಳಿದೆ.

“ಕೆಡಿಸ್ಬುಟ್ರಾ? ನಂಗೊತ್ತಿತ್ತು ಕಣೇ. ಹಳೇದ್ರಲ್ಲಿ ಅವ್ನು ಊರಾಚೆ ತಂಕ ಹೋಗಿ, ಕುದುರೆ ತಿರುಗಿಸ್ಕೊಂಡು ವಾಪಸ್ ಬರ್ತಾನೆ. ಸಿನಿಮಾ ಅಂದ್ರೆ ಅದು.”

ಕುಂಬಾರಕೊಪ್ಪಲಿನ ಮನೆ ಮುಟ್ಟುವ ತನಕ ಅದೇ ರಾಗ.

ಮಾರನೇ ದಿನ ಡಬ್ಬಿಗಳೆಲ್ಲ ಹೋದ ಮೇಲೆ ಮೊಬೈಲಿನಲ್ಲಿ ಹಳೇದನ್ನು ಹುಡುಕಿ ಹಾಕಿಕೊಂಡೆ. ತಪ್ಪು ಹುಡುಕಲೆಂದೇ ಕೂತೆ, ಸಿಗಲಿಲ್ಲ. ಆ ಹೀರೋ ಸುಮ್ಮನೆ ನಿಂತಿದ್ದರೂ ನೋಡುತ್ತಲೇ ಇರೋಣ ಅನ್ನಿಸುತ್ತದೆ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು.

ಆದರೆ ಕೊನೆಯಲ್ಲಿ ಅವನು ವಾಪಸ್ ಬರಲೇ ಇಲ್ಲ. ಅವಳು ಬಾವಿಯ ಹತ್ತಿರ ನಿಂತೇ ಇರುತ್ತಾಳೆ, ಅವನು ದೂರದಲ್ಲಿ ಮಾಯವಾಗುತ್ತಾನೆ. ಹೊಸದರಲ್ಲೂ ಇದ್ದದ್ದು ಇದೇ ತಾನೇ...

ಸಿಕ್ಕಿಬಿದ್ದರು ಅಂತ ಖುಷಿಯಾಯಿತು. ಸಂಜೆ ಕಾಫಿ ಕೊಟ್ಟು, ಏನೂ ಗೊತ್ತಿಲ್ಲದವಳ ಹಾಗೆ, ಹಳೇದರ ಕೊನೆಯನ್ನು ನೀವು ಕಣ್ಣಾರೆ ನೋಡಿದ್ದೀರಾ ಅಂತ ಕೇಳಿದೆ.

ಇಲ್ಲವಂತೆ. ಗಾಡಿ ತೆಗೆಯಲು ಹೋಗಿದ್ದರಂತೆ. ಕೊನೆ ಹೇಳಿದ್ದು ಶಾರದಾ.

ಆಗ ಇವರಿಗೆ ಬ್ಯಾಂಕಿನಲ್ಲಿ ಬೀದರ್‌ಗೆ ವರ್ಗವಾಗಿತ್ತು. ಆಕೆಗೆ ಇಲ್ಲೇ ಸ್ಕೂಲಿನ ಕೆಲಸ, ಬಿಟ್ಟು ಹೋಗುವ ಹಾಗಿರಲಿಲ್ಲ. ಇವರು ಹೊರಡುವ ಹಿಂದಿನ ದಿನ ಆ ಸಿನಿಮಾಗೆ ಹೋಗಿದ್ದು.

“ಅವ್ಳು ಹಿಂದೆ ಕೂತ್ಕೊಂಡು, ವಾಪಸ್ ಬಂದ್ಬುಟ್ಟ ಕಣ್ರೀ ಅಂದ್ಳು. ನಂಗೆ ಕಣ್ಣು ಮಂಜಾಗಿ ಗಾಡಿ ನಿಲ್ಲಿಸ್ಬುಟ್ಟೆ.”

ಬೀದರ್‌ನಲ್ಲಿದ್ದಷ್ಟು ಕಾಲ ರಜೆ ಸಿಕ್ಕಾಗಲೆಲ್ಲ ಮೈಸೂರಿಗೆ ಓಡಿ ಬರುತ್ತಿದ್ದರಂತೆ. ಬಡ್ತಿ ಬಂದರೂ ಬೇಡವೆಂದು, ಕೇಳಿಕೊಂಡು ಇಲ್ಲಿಗೇ ವರ್ಗ ಮಾಡಿಸಿಕೊಂಡರಂತೆ. ಹೇಳುತ್ತಾ ನಗುತ್ತಿದ್ದರು.

ನನಗೆ ನಗು ಬರಲಿಲ್ಲ. ಶಾರದಾ ಅವತ್ತು ಸಿನಿಮಾ ಕಥೆ ಹೇಳಿಯೇ ಇರಲಿಲ್ಲ. ಹೋದರೂ ವಾಪಸ್ ಬನ್ನಿ ಅಂತ ಕೇಳಿಕೊಂಡಿದ್ದಳು.

ಕಂಡೇ ಇರದ ಆ ಹೆಂಗಸಿನ ಮೇಲೆ ಮೊದಲ ಸಲ ಪ್ರೀತಿ ಬಂತು. ಜೊತೆಗೆ ಭಯವೂ ಆಯಿತು. ಇಲ್ಲವೇ ಇಲ್ಲದ ಸಿನಿಮಾದ ಎದುರು ಹೊಸದು ಹೇಗೆ ಗೆಲ್ಲಬೇಕು?

ಸತ್ಯ ಹೇಳಿಬಿಟ್ಟರೆ ನಾನು ಗೆಲ್ಲಬಹುದಿತ್ತು. ಆದರೆ ಆಕೆ ಇವರಿಗೆ ಕೊಟ್ಟುಹೋದದ್ದನ್ನು ನಾನು ಕಿತ್ತುಕೊಂಡ ಹಾಗಾಗುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ಆದರೆ ಕೇಳಿದ್ದೇ ತಪ್ಪಾಯಿತು. ಇಬ್ಬರೂ ಕೂತು ಹಳೇದನ್ನು ನೋಡೋಣ, ನಿನಗೂ ಗೊತ್ತಾಗಲಿ ಅಂತ ಹಟ ಹಿಡಿದರು.

ಈಗ ಟಿವಿಯಲ್ಲಿ ಅದೇ ಓಡುತ್ತಿದೆ. ಬಾವಿಗೆ ನೀರು ಬಂದಾಯಿತು, ಅವನು ಕುದುರೆಗೆ ಜೀನು ಬಿಗಿಯುತ್ತಿದ್ದಾನೆ.

ತಡೆಯಲಾಗಲಿಲ್ಲ. ಮನೆಯಲ್ಲಿ ಹಾಲಿಲ್ಲ, ಬೂತ್ ಮುಚ್ಚುವುದರೊಳಗೆ ತಂದುಬಿಡಿ ಅಂದೆ.

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

“ಕೊನೇನ ನೀನೇ ನೋಡಿ ಹೇಳ್ಬುಡು. ನೀನು ಹೆಂಗ್ ಹೇಳಿದ್ರೂ ಸರಿ ಕಣೇ.”

ಅವರು ಗೇಟು ದಾಟಿದ ಮೇಲೆ ಇದನ್ನು ಟೈಪ್ ಮಾಡುತ್ತಿದ್ದೇನೆ. ಫ್ರಿಜ್‌ನಲ್ಲಿ ಹಾಲಿದೆ, ಬೆಳಿಗ್ಗೆ ತಂದಿಟ್ಟವರು ಅವರೇ.

ಹೇಳಿ... ಇವರಿಗೆ ಮೊದಲಿನಿಂದಲೂ ಗೊತ್ತಿತ್ತಾ?