ಕಾಕುಗೆ ಇಟ್ಟ ಸಜ್ಜಕ

ತುಪ್ಪದಲ್ಲಿ ಗೋಧಿ ನುಚ್ಚು ಹುರಿಯುವ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕೋಳದ ನಮ್ಮ ಪಕ್ಕದ ಮನೆಯ ಮುದುಕಿ, ಓಣಿಯವರೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಎನ್ನುತ್ತಿದ್ದವಳು, ಕಣ್ಣ ಮುಂದೆ ಬಂದಳು. ಹುರಿಯುತ್ತಿದ್ದವಳು ನಾನೇ. ಆಕೆ ತೀರಿಕೊಂಡ ಮೇಲೆ ಬಂದ ಮೊದಲ ಪಿತೃಪಕ್ಷ ಇದು. ಆಕೆಗೆ ಮಕ್ಕಳಿಲ್ಲ, ನಾವು ಎಡೆ ಇಡದಿದ್ದರೆ ಇಡುವವರು ಯಾರೂ ಇಲ್ಲ.

ಕಾಕುವಿನ ಮಾತು ಖಾರ, ಕೈರುಚಿ ಮಾತ್ರ ಬಲು ಸಿಹಿ. ನುಚ್ಚು, ಬೆಲ್ಲ ಹಾಕಿ ಆಕೆ ಮಾಡುತ್ತಿದ್ದುದಕ್ಕೆ ಸಜ್ಜಕ ಎನ್ನುತ್ತಿದ್ದಳು. ಕೊಲ್ಲಾಪುರ ಕಡೆಯ ನಮ್ಮತ್ತೆ ಅದನ್ನೇ ಸಾಂಜಾ ಎಂದರು. ನಾನು ಶಿರಾ ಅಂದೆ. ಅನ್ನುತ್ತ ಅನ್ನುತ್ತ ನುಚ್ಚು ಹೋಗಿ ಬಿಳಿ ರವೆ ಬಂತು, ಬೆಲ್ಲ ಹೋಗಿ ಸಕ್ಕರೆ ಬಂತು. ನಿಪ್ಪಾಣಿಯ ಹೋಟೆಲಿನ ರುಚಿ ಹತ್ತಿದ ನನ್ನ ಸೊಸೆ ಬಣ್ಣ ಹಾಕಿ ಕೇಸರಿಬಾತ್ ಮಾಡಿಬಿಟ್ಟಳು. ಯಾವುದು ಯಾವಾಗ ಬದಲಾಯಿತೋ… ನನಗೆ ತಿಳಿಯಲೇ ಇಲ್ಲ.

ಎಡೆ ಇಡುವಾಗ ಒಂದೊಂದು ಅಡುಗೆಯ ಹೆಸರನ್ನೂ ಕೂಗಿ ಹೇಳುವುದು ನಮ್ಮ ಓಣಿಯ ರೂಢಿ. ಹೊಸದಾಗಿ ಮದುವೆಯಾಗಿ ಬಂದಾಗ ನಾನು ನಾಚಿಕೊಂಡು ಸುಮ್ಮನೆ ಬಡಿಸಿದ್ದೆ. ಗೋಡೆಯಾಚೆಯಿಂದ ಕಾಕು ಗದರಿಸಿದ್ದಳು.

"ಹೆಸರ ಹೇಳಿ ಇಡ ಬೇ! ಏನ ಇಟ್ಟಾರಂತ ತಿಳೀದ ಹಿರ್ಯಾರು ಹಸಕೊಂಡ ಹೋಗ್ತಾರ."

ಆಗ ನಕ್ಕಿದ್ದೆ. ಈಗ ಅದೇ ಮಾತು ಬೆನ್ನು ಹತ್ತಿತ್ತು. ಕೇಸರಿಬಾತ್ ಇಟ್ಟು ಸಜ್ಜಕ ಅಂದರೆ ಸುಳ್ಳು; ಕೇಸರಿಬಾತ್ ಎಂದೇ ಕೂಗಿದರೆ ಕಾಕುಗೆ ಗೊತ್ತಾಗುವುದಾದರೂ ಹೇಗೆ? ಅದಕ್ಕೇ ಗೋಧಿ ಒಡೆಸಿ ತಂದು ನೆನಪಿನ ಮೇಲೆಯೇ ಮಾಡಲು ಕೂತಿದ್ದೆ. ಬೆಲ್ಲ ಎಷ್ಟು, ಏಲಕ್ಕಿಯೋ ಶುಂಠಿಯೋ… ಒಂದೂ ಖಾತ್ರಿ ಇರಲಿಲ್ಲ.

"ಒಂಚೂರು ರುಚಿ ನೋಡ್ರಲಾ ಅತ್ತಿ, ಇಷ್ಟ್ಯಾಕ ಹೆದರಾಕತ್ತೀರಿ?" ಎಂದಳು ಸೊಸೆ.

"ಎಡಿ ಇಡೂಕಿಂತ ಮೊದ್ಲ ಬಾಯಿಗೆ ಹಚ್ಚಬಾರ್ದವಾ," ಎಂದೆ.

ಮಾಳಿಗೆಯ ಮೇಲೆ ಎಲೆ ಹಾಕಿ "ಸಜ್ಜಕ" ಎಂದು ಕೂಗಿದೆ. ಕಾಗೆ ಬಂತು, ತಿಂದಿತು. ಕಾಗೆ ಏನು ಕೊಟ್ಟರೂ ತಿನ್ನುತ್ತದಲ್ಲ ಎಂಬ ಅನುಮಾನ ಆಗಲೂ ಬಿಡಲಿಲ್ಲ.

ಆಮೇಲೆ ನಾವು ಉಣ್ಣಲು ಕೂತೆವು. "ಚಲೋ ಆಗೇತ್ರಿ," ಎಂದಳು ಸೊಸೆ. ಸಜ್ಜಕವನ್ನು ಅವಳು ಅಂದೇ ಮೊದಲು ಉಂಡಿದ್ದು. ನಾನೂ ಒಂದು ತುತ್ತು ಬಾಯಿಗಿಟ್ಟೆ. ಸರಿಯಾಗಿದೆಯೋ ಇಲ್ಲವೋ ಎಂದು ಹೇಳಬಲ್ಲವಳು ಒಬ್ಬಳೇ ಇದ್ದಳು. ಎಲೆ ಹಾಕಿದ್ದು ಅವಳಿಗೇ.