ಎರಡು ವಾರ್ಡುಗಳ ಮೇಲೆ ನಿಂತ ಇಸ್ತ್ರಿ ಗಾಡಿ

ಶರಣಮ್ಮನವರ ಇಸ್ತ್ರಿ ಗಾಡಿಯ ಎರಡು ಚಕ್ರಗಳು ಒಂದು ವಾರ್ಡಿನಲ್ಲಿದ್ದವು, ಉಳಿದೆರಡು ಇನ್ನೊಂದರಲ್ಲಿ. ಅವರು ಅದನ್ನು ಹಾಗೆ ನಿಲ್ಲಿಸಿದ್ದು ಬೇಕೆಂದೇ.

ಮರ್ಫಿ ಟೌನಿನ ನಮ್ಮ ಗಲ್ಲಿಯ ನಟ್ಟನಡುವೆ, ಕಲ್ಲುಚಪ್ಪಡಿಗಳ ಕೆಳಗೆ, ಮೋರಿಯೊಂದು ಹರಿಯುತ್ತದೆ. ವಾರ್ಡುಗಳನ್ನು ವಿಂಗಡಿಸಿದವರು ಅದನ್ನೇ ಗಡಿಯಾಗಿ ಗುರುತಿಸಿದ್ದರು. ಎಡಗಡೆಯ ಮನೆಗಳು ಒಂದು ವಾರ್ಡಿಗೆ ಸೇರಿದವು, ಬಲಗಡೆಯವು ಮತ್ತೊಂದಕ್ಕೆ. ಮೋರಿ ಯಾರಿಗೂ ಸೇರಲಿಲ್ಲ. ಚಪ್ಪಡಿಯೊಂದು ಮುರಿದು, ಎದುರುಮನೆಯ ಫಾತಿಮಾ ಬೀ ಒಳಗೆ ಬಿದ್ದು ಕಾಲು ಮುರಿದುಕೊಂಡರು. ಮರುದಿನವೇ ಶರಣಮ್ಮ ಗಾಡಿಯನ್ನು ತಳ್ಳಿಕೊಂಡು ಬಂದು ಆ ಹೊಂಡದ ಮೇಲೆ ನಿಲ್ಲಿಸಿದರು.

"ಇನ್ನ ಯಾರರ ಬೀಳಬೇಕಂದ್ರ, ನನ್ನ ದಾಟಿ ಬೀಳ್ಲಿ."

ರಾಯಚೂರಿನ ಕಡೆಯ ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದವರು ಅವರು. ಯಾರು ಏನು ಕೇಳಿದರೂ ಮೊದಲು ಬಟ್ಟೆಯ ಮೇಲೆ ನೀರು ಚಿಮುಕಿಸಿ, ಆಮೇಲೆ ಉತ್ತರಿಸುತ್ತಿದ್ದರು. ಚಿಮುಕಿಸುವ ರಭಸದಿಂದಲೇ ಉತ್ತರದ ಖಾರವನ್ನು ಅಳೆಯಬಹುದಿತ್ತು.

ನಾನೋ ಶಾಲೆಯಲ್ಲಿ ಸಮಾಜ ಪಾಠ ಹೇಳಿದವಳು. ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ. ನಗರವಾದರೆ ಪಾಲಿಕೆ, ವಾರ್ಡು. ಈ ಮೆಟ್ಟಿಲುಗಳನ್ನು ಬಣ್ಣದ ನಕ್ಷೆಗಳಲ್ಲಿ ಮಕ್ಕಳಿಗೆ ತೋರಿಸಿದ್ದೆ. ಆ ನಂಬಿಕೆಯಿಂದಲೇ ಎರಡೂ ವಾರ್ಡ್ ಕಚೇರಿಗಳಿಗೆ ಒಂದು ಕಾಗುಣಿತವೂ ತಪ್ಪದ ಅರ್ಜಿಗಳನ್ನು ಬರೆದೆ. ಎರಡೂ ಕಡೆಯಿಂದ ಒಂದೇ ಉತ್ತರ ಬಂತು: ಸದರಿ ಮೋರಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಶರಣಮ್ಮ ನೀರು ಚಿಮುಕಿಸಿದರು. "ಟೀಚರಮ್ಮ, ಅರ್ಜಿ ಭಾಳ ಚಂದ ಬರ್ದೀರಿ. ಹೊಂಡ ಹಂಗೇ ಐತಿ. ನಮ್ಮೂರಾಗ ಮೆಂಬರ ಮನಿ ಮುಂದ ನಿಂತು ಒದರಿದ್ರ ಆತ ಹೊರಗ ಬರ್ತಿದ್ದ. ಇಲ್ಲಿ ಯಾರ ಮನಿ ಮುಂದ ಒದರೂದು?"

ಪಾಲಿಕೆಗೆ ಚುನಾವಣೆಯೇ ನಡೆಯದೆ ವರ್ಷಗಳು ಕಳೆದಿದ್ದವು. ನಮ್ಮ ಎರಡೂ ವಾರ್ಡುಗಳಿಗೆ ಮೆಂಬರೇ ಇರಲಿಲ್ಲ.

ಒಂದು ಬೆಳಿಗ್ಗೆ ಅಧಿಕಾರಿಯೊಬ್ಬರು ಇಬ್ಬರು ಕೆಲಸದವರೊಡನೆ ಬಂದರು.

"ಏನಮ್ಮಾ, ನಡುರಸ್ತೇಲಿ ಗಾಡಿ ಇಟ್ಕೊಂಡಿದ್ದೀಯಾ? ತೆಗಿ, ತೆಗಿ."

"ತಗೀತೀನ್ರೀ ಸಾಹೇಬ್ರ. ನೋಟಿಸ್ ಕೊಡ್ರಿ."

"ಗಾಡಿಗೂ ನೋಟಿಸ್ ಬೇಕಾ ನಿಂಗೆ?"

"ಬೇಕ್ರಿ. ಯಾವ ವಾರ್ಡ್‌ನಾಗ ನಿಂತೈತಿ ಅಂತ ಅದರಾಗ ಬರೀರಿ. ನಿಮ್ಮ ವಾರ್ಡ್ ಅಲ್ಲಂದ್ರ ನೀವ್ಯಾಕ ಬಂದ್ರಿ?"

ನೋಡುತ್ತ ನಿಂತಿದ್ದವರು ನಕ್ಕರು. ಮುಖ ಕೆಂಪಾದ ಅಧಿಕಾರಿ ಅಲ್ಲಿಯೇ ನೋಟಿಸ್ ಬರೆದು, ವಾರ್ಡಿನ ಹೆಸರನ್ನೂ ಸೇರಿಸಿ, ಸಹಿ ಮಾಡಿ ಕೊಟ್ಟರು. ಶರಣಮ್ಮ ಅದನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. ಮಧ್ಯಾಹ್ನ ನಾವಿಬ್ಬರೂ ಅದೇ ವಾರ್ಡಿನ ಕಚೇರಿಗೆ ಹೋಗಿ ಮೇಜಿನ ಮೇಲೆ ಆ ನೋಟಿಸನ್ನೂ ನನ್ನ ಹಳೆಯ ಅರ್ಜಿಯನ್ನೂ ಜೊತೆಯಾಗಿ ಇಟ್ಟೆವು. ಗಾಡಿ ನಿಮ್ಮ ವ್ಯಾಪ್ತಿಯಲ್ಲಿದ್ದರೆ, ಅದರ ಕೆಳಗಿನ ಹೊಂಡವೂ ನಿಮ್ಮದೇ ಎಂದೆವು. ವಾರದೊಳಗೆ ಹೊಸ ಚಪ್ಪಡಿ ಬಂತು. ಅದು ಕೂತ ದಿನವೇ ಶರಣಮ್ಮ ಗಾಡಿಯನ್ನು ಪಕ್ಕಕ್ಕೆ ತಳ್ಳಿದರು. ನಾನು ಬರೆದ ಯಾವ ಅರ್ಜಿಯೂ ಮಾಡದ ಕೆಲಸವನ್ನು ಆ ಗಾಡಿ ಮಾಡಿತ್ತು.

ಬಾಡಿಗೆ ಏರಿದಾಗ ಶರಣಮ್ಮ ಕೆ.ಆರ್. ಪುರದಾಚೆಗೆ ಹೋದರು. ಗಾಡಿಯನ್ನು ಟೆಂಪೋಗೆ ಏರಿಸುತ್ತಿದ್ದ ದಿನವೇ ನಮ್ಮ ಕೊನೆಯ ಭೇಟಿ. "ಗೆರಿ ಎಳಿಯೋರು ಮತ್ತ ಬರ್ತಾರ, ಟೀಚರಮ್ಮ," ಎಂದರು. "ನಿಮ್ಮ ಮನ್ಯಾಗ ಗಟ್ಟಿ ಕುರ್ಚಿ ಐತಿಲ್ಲೋ?"

ಗೆರೆ ಎಳೆಯುವವರು ಬಂದೇ ಬಂದರು. ನಗರವನ್ನು ಹಲವು ಪಾಲಿಕೆಗಳಾಗಿ ಒಡೆದು, ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದರು. ನಮ್ಮ ಮೋರಿ ಈ ಸಲವೂ ಗಡಿಯೇ. ಕಳೆದ ತಿಂಗಳು ನೀರಿನ ಲಾರಿಯ ಭಾರಕ್ಕೆ ಚಪ್ಪಡಿ ಮತ್ತೆ ಸೀಳಿತು. ಎರಡೂ ಕಚೇರಿಗಳಿಂದ ಬಂದ ಉತ್ತರದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ನನ್ನ ತೇಗದ ಕುರ್ಚಿಯನ್ನು ಆ ಸೀಳಿದ ಚಪ್ಪಡಿಯ ಮೇಲೆ ಹಾಕಿಕೊಂಡು ಕುಳಿತು ಇಂದಿಗೆ ನಾಲ್ಕನೆಯ ದಿನ. ಬೆಳಿಗ್ಗೆ ಹೊಸ ಅಧಿಕಾರಿಯೊಬ್ಬರು ಬಂದಿದ್ದರು.

"ಮೇಡಂ, ಓದಿರೋರು ನೀವು. ಹಿಂಗೆ ರಸ್ತೇಲಿ ಕೂತ್ಕೊಂಡ್ರೆ ಹೆಂಗೆ? ಏಳಿ."

"ಏಳುತ್ತೇನೆ," ಎಂದೆ. "ಯಾವ ವಾರ್ಡಿನಿಂದ ಏಳಬೇಕೆಂದು ಬರೆದುಕೊಡಿ."